ಹುಳಿತ ಗೋಬರ್ ಗ್ಯಾಸ್ ತೊಟ್ಟಿಗೆ ಹೊರಗಿನ ಕಲ್ಚರ್ ಹಾಕಬಹುದೇ?

ಪ್ರಶ್ನೆ: ಕಬ್ಬು ಬೆಳೆಗಾರ, ಮುಧೋಳ

ನಮ್ಮ ತೋಟದ ಗೋಬರ್ ಗ್ಯಾಸ್ ತೊಟ್ಟಿ ನಾಲ್ಕು ಎಮ್ಮೆಗಳ ಸಗಣಿಯಿಂದ ನಡೆಯುತ್ತಿತ್ತು. ಗ್ಯಾಸ್ ಹೆಚ್ಚಲೆಂದು ಕಳೆದ ತಿಂಗಳು ಒಂದು ವಾರ ದಿನಕ್ಕೊಂದು ಕೊಡ ಕಾಕಂಬಿ ಸುರಿದೆ. ಮೊದಲೆರಡು ದಿನ ಗ್ಯಾಸ್ ಜೋರಾಗಿ ಬಂದಿತು. ಅನಂತರ ಒಲೆಯೇ ಹತ್ತಲಿಲ್ಲ, ಹೊರಬರುವ ಬಗ್ಗಡ ಹುಳಿ ನಾರುತ್ತಿದೆ. ಉರಿಯುವ ಅನಿಲವಾದ ಮೀಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಗಳ ಕಲ್ಚರ್ (ಬೆಳೆಸಿಟ್ಟ ಜೀವಿಗಳ ಹೆಪ್ಪು) ಕೊಂಡು ಹಾಕಿದರೆ ಸರಿಹೋದೀತೇ?

ಉತ್ತರ: ಸೂಕ್ಷ್ಮಜೀವಿಶಾಸ್ತ್ರ ಬೋಧಕಿ, ವಿಜಯಪುರ

ದಯವಿಟ್ಟು ಈಗಲೇ ಕೊಳ್ಳಬೇಡಿ. ತೊಟ್ಟಿಯೊಳಗಿರುವುದು ಒಂದು ಜೀವಿಯಲ್ಲ, ಒಂದರ ಉಚ್ಛಿಷ್ಟವನ್ನು ಮತ್ತೊಂದು ಉಣ್ಣುವ ಸಮುದಾಯ. ಮೀಥನೋಬ್ಯಾಸಿಲಸ್ ಒಮೆಲಿಯಾನ್‌ಸ್ಕಿ ಎಂಬ ಒಂದೇ ಜೀವಿಯೆಂದು ಬಹುಕಾಲ ನಂಬಲಾಗಿದ್ದ ಕಲ್ಚರ್‌ನಲ್ಲಿ ಎರಡು ಜೀವಿಗಳಿವೆಯೆಂದು 1967ರಲ್ಲಿ ವಿಜ್ಞಾನಿ ಬ್ರಯಂಟ್ ಮತ್ತು ಸಂಗಡಿಗರು ತೋರಿಸಿದರು. ಒಂದು ಎಥನಾಲನ್ನು (ಮದ್ಯಸಾರ) ಅಸಿಟೇಟ್ (ವಿನೆಗರ್ ಆಮ್ಲದ ರೂಪ) ಮತ್ತು ಹೈಡ್ರೋಜನ್ ಆಗಿಸುತ್ತದೆ, ಇನ್ನೊಂದು ಆ ಹೈಡ್ರೋಜನ್ನಿನಿಂದ ಮೀಥೇನ್ ಮಾಡುತ್ತದೆ. ಹೈಡ್ರೋಜನ್ ಖರ್ಚಾಗದೆ ಉಳಿದರೆ ಮೊದಲನೆಯದರ ಕೆಲಸವೂ ನಿಲ್ಲುತ್ತದೆ. ನಿಮ್ಮ ತೊಟ್ಟಿಯಲ್ಲಿ ಕಾಕಂಬಿಯ ಸಕ್ಕರೆಯನ್ನು ಆಮ್ಲವಾಗಿಸುವ ಬ್ಯಾಕ್ಟೀರಿಯಾಗಳು ಗಂಟೆಗಳಲ್ಲಿ ಹೆಚ್ಚಿದವು, ಆದರೆ ಮೀಥೇನ್ ಮಾಡುವವು ದಿನಗಟ್ಟಲೆ ನಿಧಾನವಾಗಿ ಬೆಳೆಯುವುದರಿಂದ ಹಿಂದೆ ಬಿದ್ದವು. ಆಮ್ಲ ಶೇಖರವಾಗಿ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) ಇಳಿದಾಗ ಅವು ಇನ್ನಷ್ಟು ಸೊರಗಿದವು. ಹೊಸಬರನ್ನು ಕರೆತಂದರೂ ಅದೇ ಹುಳಿಯಲ್ಲಿ ಬಾಳಲಾರರು. ಯಾವ ಜೀವಿ ನೆಲೆಯೂರಬೇಕೆಂಬುದನ್ನು ನೆಲೆಯೇ ನಿರ್ಧರಿಸುತ್ತದೆಂಬ ಪರಿಸರ ವಿಜ್ಞಾನದ ತತ್ವ ಇಲ್ಲಿ ಅಕ್ಷರಶಃ ನಿಜ. ಆದ್ದರಿಂದ ಮೊದಲು ಕಾಕಂಬಿ, ಸಗಣಿ ಎರಡನ್ನೂ ನಿಲ್ಲಿಸಿ, ಪಿಎಚ್ ಪಟ್ಟಿಯಿಂದ ಅಳೆದು, ಅಡುಗೆ ಸೋಡಾವನ್ನು ನೀರಿನಲ್ಲಿ ಕರಗಿಸಿ ಸ್ವಲ್ಪಸ್ವಲ್ಪವಾಗಿ ಹಾಕಿ.

ಉತ್ತರ: ಹೈನುಗಾರ, ಅಥಣಿ

ಮೇಡಂ ಅವರ ಮಾತನ್ನು ಒಪ್ಪುತ್ತೇನೆ, ಆದರೆ ಸೋಡಾದಿಂದಷ್ಟೇ ನಮ್ಮ ತೊಟ್ಟಿ ಚೇತರಿಸಿಕೊಳ್ಳಲಿಲ್ಲ. ಪಿಎಚ್ ಏರಿದ ಮೇಲೆ ನೆರೆಮನೆಯ ಚೆನ್ನಾಗಿ ನಡೆಯುತ್ತಿದ್ದ ತೊಟ್ಟಿಯಿಂದ ಎರಡು ಡ್ರಮ್ ಬಗ್ಗಡ ತಂದು ಸುರಿದೆವು. ಅದರಲ್ಲಿ ಜೊತೆಗಾರ ಜೀವಿಗಳೆಲ್ಲ ಒಟ್ಟಿಗೇ ಬರುತ್ತವೆ. ಮೀಥೇನ್ ಮಾಡುವವಕ್ಕೆ ಗಾಳಿ ವಿಷವಾದ್ದರಿಂದ ಡ್ರಮ್ಮನ್ನು ಕಂಠದವರೆಗೆ ತುಂಬಿ ಮುಚ್ಚಿ, ಅಂದೇ ಹಾಕಿರಿ.

ಪ್ರಶ್ನೆ ಕೇಳಿದವರು

ಇಂದು ಪಟ್ಟಿ ಅದ್ದಿದಾಗ 5.5 ತೋರಿಸಿತು. ಸಗಣಿಯನ್ನು ಮತ್ತೆ ಯಾವಾಗ ಆರಂಭಿಸಬೇಕು, ಮೇಡಂ?

ಬೋಧಕಿ, ವಿಜಯಪುರ

ಪಿಎಚ್ 6.8 ದಾಟಿ ಕೆಲವು ದಿನ ಹಾಗೆಯೇ ನಿಂತ ಮೇಲೆ, ಮೊದಲಿನ ಕಾಲುಭಾಗದಷ್ಟು ಸಗಣಿಯಿಂದ ಆರಂಭಿಸಿ. ಪಟ್ಟಿ ಮತ್ತೆ ಇಳಿಮುಖವಾದರೆ ಅಂದೇ ನಿಲ್ಲಿಸಿರಿ.