ಅಪ್‌ಡೇಟ್: ಸ್ವಿಫ್ಟ್ ಬಿಟ್ಟು ರಿಟ್ಜ್ ತಗೊಂಡಿದ್ದೇಕೆ

ಸೆಕೆಂಡ್ ಹ್ಯಾಂಡ್ ಮಾರುತಿ ಕಾರು ಕೊಳ್ಳಲು 2012ರ ಪೆಟ್ರೋಲ್ ಸ್ವಿಫ್ಟ್ ಒಳ್ಳೆಯದೋ, ಅದೇ ವರ್ಷದ ರಿಟ್ಜ್ ಒಳ್ಳೆಯದೋ ಎಂದು ಕೇಳಿದ್ದೆ. ರಿಟ್ಜ್ ಖಾತ್ರಿಯಾಯಿತು. ಎರಡರಲ್ಲೂ ಅದೇ 1197 ಸಿಸಿ ಕೆ-ಸೀರೀಸ್ ಎಂಜಿನ್, ಎಂಜಿನ್ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸಲು ಟೈಮಿಂಗ್ ಬೆಲ್ಟ್ ಅಲ್ಲ, ಚೈನ್. ಹಾಗಾಗಿ ಕಾರಿನ ಸ್ಥಿತಿಯೇ ಮುಖ್ಯವಾಯಿತು. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಸ್ವಿಫ್ಟ್‌ನಲ್ಲಿ ಚೈನ್ ಕಡೆಯಿಂದ ಎರಡು ಮೂರು ಸೆಕೆಂಡ್ ಗರಗರ ಸದ್ದು. ಆಯಿಲ್ ಸಕಾಲಕ್ಕೆ ಬದಲಾಗದಿದ್ದರೆ ಚೈನ್, ಅದನ್ನು ಬಿಗಿಯಾಗಿಡುವ ಟೆನ್ಷನರ್ ಸವೆಯುತ್ತವೆ, ಅದರ ರಿಪೇರಿ ದುಬಾರಿ. ರಿಟ್ಜ್ ಹಂಪ್ ಮೇಲೆ ಟಕ್ ಎನ್ನುತ್ತಿತ್ತು: ಮುಂದಿನ ಸಸ್ಪೆನ್ಷನ್‌ನ ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್ ಬದಲಿಸಿದರೆ ಮುಗಿಯಿತು, ಆಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸುವುದನ್ನು ಮಾತ್ರ ಬಿಡಬಾರದು. ರಿಟ್ಜ್‌ನ ಡಿಕ್ಕಿ 236 ಲೀಟರ್, ಸ್ವಿಫ್ಟ್‌ನದು 204. ರಿಟ್ಜ್‌ನ ಸೀಟೂ ಎತ್ತರ, ಮಂಡಿನೋವಿನ ಹಿರಿಯರಿಗೆ ನಿಜಕ್ಕೂ ವರ. 2012ರಲ್ಲಿ ನೋಂದಣಿಯಾದ ಕಾರಿನ ಆರ್‌ಸಿಗೆ 2027ರಲ್ಲಿ 15 ವರ್ಷ ತುಂಬುತ್ತದೆ. ನವೀಕರಣದ ಫಿಟ್‌ನೆಸ್ ಪರೀಕ್ಷೆ, ಹಳೇ ವಾಹನಕ್ಕೆ ಹಾಕುವ ಹಸಿರು ತೆರಿಗೆಯ ಖರ್ಚನ್ನು ಚೌಕಾಸಿಯಲ್ಲೇ ಕಳೆದುಬಿಡಿ.