ಬಡಾಯಿ ಕಥೆಗಳನ್ನು ಮಕ್ಕಳಿಗೆ ಹೇಗೆ ಹೇಳಿಕೊಡುವುದು?

ಪ್ರಶ್ನೆ:
ನಾವಿರುವುದು ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ. ನಾಲ್ಕನೇ ತರಗತಿಯ ಮಗಳಿಗೆ ಈಗ ಮರ ಕಡಿಯುವ ದೈತ್ಯ ಪಾಲ್ ಬನ್ಯನ್, ಕೌಬಾಯ್ ಪೆಕೋಸ್ ಬಿಲ್ ಇವರ ಬಡಾಯಿ ಕಥೆಗಳ ಪಾಠ ನಡೆಯುತ್ತಿದೆ. ಬನ್ಯನ್ ಮತ್ತು ಅವನ ನೀಲಿ ಎತ್ತು ಬೇಬ್ ಓಡಾಡಿದ ಹೆಜ್ಜೆಗಳಲ್ಲಿ ನೀರು ತುಂಬಿ ಇಲ್ಲಿನ ಹತ್ತು ಸಾವಿರ ಕೆರೆಗಳಾದವಂತೆ. "ಅಮ್ಮಾ, ನೀನು ಸುಳ್ಳು ಹೇಳಬೇಡ ಅಂತೀಯ, ಟೀಚರ್ ಸುಳ್ಳು ಬರೆದುಕೊಂಡು ಬಾ ಅಂತಾರೆ" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅವಳೂ ಒಂದು ಕಥೆ ಬರೆಯಬೇಕು, ಹೇಗೆ ಶುರು ಮಾಡಿಸಲಿ?

ಉತ್ತರ 1:
ಸುಳ್ಳು ಹೇಳುವವರು ನಾವು ಅದನ್ನು ನಂಬಲಿ ಅಂತ ಹೇಳುತ್ತಾರೆ. ಇಲ್ಲಿ ಹೇಳುವವರಿಗೂ ಕೇಳುವವರಿಗೂ ಬುರುಡೆ ಅಂತ ಗೊತ್ತು, ಆದರೂ ಇಬ್ಬರೂ ನಗದೆ ಕೂತಿರಬೇಕು, ಮಜಾ ಇರುವುದೇ ಅಲ್ಲಿ. ಮರ ಕಡಿಯುವವರು ಚಳಿಗಾಲವಿಡೀ ಕಾಡಿನ ಬಿಡಾರದಲ್ಲಿ, ರಾತ್ರಿ ಒಲೆಯ ಸುತ್ತ ಕೂತು, ಹೊಸದಾಗಿ ಬಂದವನ ಮುಖ ನೋಡುತ್ತಾ ಇವನ್ನು ಹೇಳುತ್ತಿದ್ದರು. ಚಳಿ ಎಷ್ಟಿತ್ತೆಂದರೆ ಆಡಿದ ಮಾತೆಲ್ಲ ಗಾಳಿಯಲ್ಲೇ ಹೆಪ್ಪುಗಟ್ಟಿ, ಬಿಸಿಲು ಬಂದ ಮೇಲೆ ಕರಗಿ ಒಟ್ಟಿಗೆ ಕೇಳಿಸಿತಂತೆ! ಆ ಚಳಿ ಮಾತ್ರ ನಿಜ, ಅಲ್ವಾ? ಮಗಳಿಗೂ ಅವಳು ಕಂಡ ಒಂದು ನಿಜ ಹಿಡಿದು ಎಳೆಯಲು ಹೇಳಿ. ಬರೆಯುವ ಮೊದಲು ಬಾಯಲ್ಲಿ ಹೇಳಿಸಿ.

ಉತ್ತರ 2:
ನಾನು ವಾರಾಂತ್ಯದ ಕನ್ನಡ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಯಾರು ನಿಜವಾಗಿ ಬದುಕಿದ್ದರು ಅನ್ನುವುದನ್ನೂ ಮಕ್ಕಳಿಗೆ ಹೇಳಿ, ಅವರಿಗೆ ಅದು ಬಹಳ ಇಷ್ಟ. ಸೇಬಿನ ಬೀಜ ಬಿತ್ತುತ್ತಾ ಹೋದ ಜಾನಿ ಆಪಲ್‌ಸೀಡ್ ನಿಜವಾದ ಮನುಷ್ಯ, ಹೆಸರು ಜಾನ್ ಚಾಪ್‌ಮನ್ (1774–1845). ಡೇವಿ ಕ್ರಾಕೆಟ್ ಟೆನೆಸೀಯಿಂದ ಆರಿಸಿ ಹೋದ ಸಂಸದ, 1836ರಲ್ಲಿ ಟೆಕ್ಸಾಸ್‌ನ ಅಲಮೋ ಕೋಟೆಯ ಯುದ್ಧದಲ್ಲಿ ಸತ್ತ. ಬನ್ಯನ್ ಕಥೆ ಬಿಡಾರಗಳಲ್ಲಿ ಮೊದಲೇ ಇತ್ತು, ಆದರೆ 1914ರಿಂದ ಒಂದು ಮರದ ಕಂಪನಿ ತನ್ನ ಜಾಹೀರಾತು ಪುಸ್ತಿಕೆಗಳಲ್ಲಿ ಅವನನ್ನು ಬಳಸಿದ ಮೇಲೆ ಜಾಸ್ತಿ ಹರಡಿತು. ಕೆರೆಗಳನ್ನು ಕೊರೆದದ್ದು ಹಿಮಯುಗದ ಹಿಮನದಿಗಳು, ಬುರುಡೆಗಿಂತ ಅದೇನು ಕಡಿಮೆ!

ಒಂದು ಮಾತು. ಕ್ರಾಕೆಟ್ ಹೆಸರಿನಲ್ಲಿ ಬಂದ ಹಳೆಯ ಅಲ್ಮನಾಕ್‌ಗಳಲ್ಲಿ (ಪಂಚಾಂಗದ ಜೊತೆ ಕಥೆಗಳೂ ಇರುತ್ತಿದ್ದ ವಾರ್ಷಿಕ ಪುಸ್ತಿಕೆಗಳು) ಕಪ್ಪು ಜನರನ್ನೂ ಮೂಲನಿವಾಸಿಗಳನ್ನೂ ತೀರಾ ಕೀಳಾಗಿ ಬರೆದಿದ್ದಾರೆ. ಮೊದಲು ನೀವು ಓದಿ, ಆಮೇಲೆ ಕೊಡಿ. ಯಂತ್ರದ ಜೊತೆ ಪಂತ ಕಟ್ಟಿ ಸುರಂಗ ಕೊರೆದು ಸತ್ತ ಜಾನ್ ಹೆನ್ರಿಯ ಕಥೆಯನ್ನು ನಗಿಸಲು ಹೇಳಬೇಡಿ, ಅದರ ಹಿಂದೆ ರೈಲು ದಾರಿಗಾಗಿ ದುಡಿದು ಸತ್ತ ಕಪ್ಪು ಕೂಲಿಗಳಿದ್ದಾರೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಕಥೆ ಬಂತು. ಅಜ್ಜಿ ಊರಿಂದ ತಂದ ಖಾರದ ಪುಡಿ ಕಿಟಕಿಯಿಂದ ಒಂದು ಚಿಟಿಕೆ ಹೊರಗೆ ಬಿತ್ತಂತೆ, ಬೀದಿಯ ಹಿಮವೆಲ್ಲ ಕರಗಿ ಪಕ್ಕದ ಮನೆಯ ಕಾರು ತೇಲಿಹೋಯಿತಂತೆ. ಒಂಚೂರೂ ನಗಲಿಲ್ಲ ಅವಳು. ಮಲಗುವ ಮುಂಚೆ ಎದ್ದು ಬಂದು "ಅಮ್ಮಾ, ಅರ್ಧ ಚಿಟಿಕೆ ಅಂತ ಬರೀತೀನಿ" ಅಂದಳು.