ಅಪ್‌ಡೇಟ್: ಅವ್ವನ ಮಲ ಪರೀಕ್ಷೆಯ ವರದಿ ಬಂತು

ಅವ್ವನ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣಾಗುವ ಕಾಯಿಲೆ) ಮತ್ತೆ ಕೆರಳಿದೆ, ಪ್ರೋಬಯಾಟಿಕ್ (ಕರುಳಿಗೆ ಒಳ್ಳೆಯದೆಂದು ಕೊಡುವ ಜೀವಂತ ಸೂಕ್ಷ್ಮಾಣುಗಳು) ಕೊಡಬಹುದೇ ಎಂದು ಈ ಹಿಂದೆ ಇಲ್ಲಿ ಕೇಳಿದ್ದೆ. ಮೊದಲು ಮಲ ಪರೀಕ್ಷೆ ಮಾಡಿಸಿ ಎಂದವರಿಗೆಲ್ಲ ಕೈಮುಗಿಯುತ್ತೇನೆ. ಕಲಬುರಗಿಯಲ್ಲೇ ಮಾಡಿಸಿದೆವು, ಭೇದಿ ತರುವ ಕ್ಲಾಸ್ಟ್ರಿಡಿಯೋಯಿಡಿಸ್ ಡಿಫಿಸೈಲ್ ಎಂಬ ಬ್ಯಾಕ್ಟೀರಿಯಾದ ವಿಷ ಪತ್ತೆಯಾಯಿತು. ಹಲ್ಲುನೋವಿಗೆ ನುಂಗಿದ ಆಂಟಿಬಯಾಟಿಕ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಂದು ಇದಕ್ಕೆ ಜಾಗ ಮಾಡಿಕೊಟ್ಟಿರಬೇಕು ಎಂದರು ವೈದ್ಯರು.

ಈ ಬ್ಯಾಕ್ಟೀರಿಯಾವನ್ನು ಮಣಿಸುವ ಬೇರೊಂದು ಆಂಟಿಬಯಾಟಿಕ್, ವ್ಯಾಂಕೊಮೈಸಿನ್ 125 ಮಿ.ಗ್ರಾಂ, ದಿನಕ್ಕೆ 4 ಸಲ, 10 ದಿನ ಬರೆದುಕೊಟ್ಟರು. ಬಾಯಿಯ ಮೂಲಕ ಕೊಟ್ಟರೆ ಅದು ರಕ್ತಕ್ಕೆ ಅಷ್ಟಾಗಿ ಸೇರದೆ ಕರುಳಿನಲ್ಲೇ ಉಳಿದು ಕೆಲಸ ಮಾಡುತ್ತದೆ. ಪ್ರೋಬಯಾಟಿಕ್ ಈ ಸೋಂಕನ್ನು ಗುಣಪಡಿಸುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ ಎಂದು ಬೇಡವೆಂದರು.

ಇನ್ನೊಂದು ಮುಖ್ಯ ಮಾತು: ಈ ಬ್ಯಾಕ್ಟೀರಿಯಾದ ಬೀಜಕಣಗಳು (ಗಟ್ಟಿ ಕವಚದೊಳಗೆ ಬದುಕುಳಿಯುವ ಅದರ ರೂಪ) ಕೈಗೆ ಹಚ್ಚುವ ಆಲ್ಕೋಹಾಲ್ ಸ್ಯಾನಿಟೈಸರ್‌ಗೆ ಸಾಯುವುದಿಲ್ಲ. ಕೈಗೆ ಸೋಪು ಹಚ್ಚಿ, ನೀರಿನಲ್ಲಿ ಉಜ್ಜಿ ತೊಳೆಯಲೇಬೇಕು. ಶೌಚಾಲಯದ ಚಂಬಿನ ಹಿಡಿಯನ್ನೂ ತೊಳೆಯದೆ ಬಿಡುತ್ತಿಲ್ಲ.

ಭೇದಿ ಹತೋಟಿಗೆ ಬಂದಿದೆ, ಅವ್ವ ತೆಳು ಜೋಳದ ಗಂಜಿ ಕುಡಿಯುತ್ತಿದ್ದಾಳೆ. ಈ ಸೋಂಕು ಮರುಕಳಿಸಬಹುದಾದ್ದರಿಂದ ಭೇದಿ ಮತ್ತೆ ಶುರುವಾದರೆ ತಡಮಾಡದೆ ಬರಲು ಹೇಳಿದ್ದಾರೆ.